ಸಣ್ಣ ಸಂಗತಿಗಳನ್ನು ಕೃತಜ್ಞತೆಯಿಂದ ನೆನೆಯುವುದು ಹೇಗೆ? ಕೋಲಾರ ಸೀಮೆಯವರಿಗೊಂದು ಸಮಗ್ರ ಮಾರ್ಗದರ್ಶಿ

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷಪೂರ್ತಿ ಹರಿಯುವ ಒಂದು ಹೊಳೆಯೂ ಇಲ್ಲ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಪಾಗ್ನಿ, ಚಿತ್ರಾವತಿ ಇವೆಲ್ಲ ಈ ಕಡೆಯ ಬೆಟ್ಟಗಳ ಆಸುಪಾಸಿನಲ್ಲೇ ಹುಟ್ಟುತ್ತವೆ, ಮಳೆ ಚೆನ್ನಾಗಿ ಬಿದ್ದ ವರ್ಷ ಹರಿಯುತ್ತವೆ, ಮಿಕ್ಕ ವರ್ಷ ಬರೀ ಮರಳು. ಹಾಗಾಗಿ ಒಂದು ಬಿಂದಿಗೆ ನೀರಿನ ಬೆಲೆ ಎಷ್ಟೆಂದು ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ನೋಡಿ, ಸಾವಿರ ಅಡಿ ದಾಟಿದ ಮೇಲೆ ಬೋರ್‌ವೆಲ್‌ನಲ್ಲಿ ನೀರು ಚಿಮ್ಮಿದ ದಿನ ಮನೆಮಂದಿಯೆಲ್ಲ ಆ ಕೆಸರು ನೀರಲ್ಲೇ ನೆನೆದು ಕುಣಿಯುತ್ತಾರೆ, ರಿಗ್ ಲಾರಿಯ ಹುಡುಗರಿಗೆ ಸಿಹಿ ತಿನ್ನಿಸುತ್ತಾರೆ. ಕೆಲವು ತಿಂಗಳು ಕಳೆಯಲಿ. ಅದೇ ಮನೆಯಲ್ಲಿ ತೊಟ್ಟಿ ತುಂಬಿ ನೀರು ಅಂಗಳಕ್ಕೆ ಹರಿಯುತ್ತಿದ್ದರೂ ಮೋಟಾರು ನಿಲ್ಲಿಸಲು ಒಬ್ಬರೂ ಏಳುವುದಿಲ್ಲ.

ಇದನ್ನು ಕೃತಘ್ನತೆ ಎಂದು ಬೈಯುವುದು ಸುಲಭ, ಆದರೆ ಅದು ಸರಿಯಲ್ಲ. ಮನಸ್ಸಿನ ನಡೆಯೇ ಹಾಗೆ. ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ದಿನವೂ ಇರುವುದಕ್ಕೆ ಅದು ಒಗ್ಗಿಕೊಳ್ಳುತ್ತದೆ, ಹೊಸದನ್ನು ಮಾತ್ರ ಎಣಿಸುತ್ತದೆ. ಫಿಲಿಪ್ ಬ್ರಿಕ್‌ಮನ್ ಮತ್ತು ಡೊನಾಲ್ಡ್ ಕ್ಯಾಂಪ್‌ಬೆಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1971ರಲ್ಲಿ ಇದರ ಬಗ್ಗೆ ಬರೆದರು. ಎಷ್ಟು ಸಿಕ್ಕರೂ ಸಂತೋಷ ಮತ್ತೆ ಹಳೆಯ ಮಟ್ಟಕ್ಕೇ ಇಳಿಯುತ್ತದೆ ಎಂಬುದು ಅವರ ವಾದ. ಹಿತ್ತಲ ಗಿಡ ಮದ್ದಲ್ಲ ಅಂತ ನಮ್ಮವರು ಅದಕ್ಕೂ ಎಷ್ಟೋ ಮೊದಲು ಹೇಳಿ ಮುಗಿಸಿದ್ದರು. ಈ ಒಗ್ಗುವ ಗುಣ ಇರುವುದರಿಂದಲೇ ದುಃಖವನ್ನೂ ನಾವು ತಡೆದುಕೊಳ್ಳುತ್ತೇವೆ, ಆದ್ದರಿಂದ ಅದನ್ನು ದೂರುವುದೂ ಬೇಡ.

'ಇರುವುದರಲ್ಲೇ ತೃಪ್ತಿ ಪಡು' ಎನ್ನುವ ಉಪದೇಶ ಇಲ್ಲಿ ಕೆಲಸಕ್ಕೆ ಬಾರದು. ತೃಪ್ತಿ ಪಡು ಎಂದು ಹೇಳಿದ ಮಾತ್ರಕ್ಕೆ ಯಾರಿಗೂ ತೃಪ್ತಿ ಬಂದದ್ದಿಲ್ಲ. ಮನಸ್ಸಿಗೆ ಅಪ್ಪಣೆ ಕೊಡುವುದನ್ನು ಬಿಟ್ಟು ಕೈಗೆ, ಬಾಯಿಗೆ ಕೆಲಸ ಕೊಡಬೇಕು. ಭಾವ ಅದರ ಹಿಂದೆ ತಾನಾಗಿ ಬಂದರೆ ಬರಲಿ, ಬಾರದಿದ್ದರೆ ಆ ದಿನಕ್ಕೆ ಬೇಡ. ಮುಂದಿನ ಹೆಜ್ಜೆಗಳೆಲ್ಲ ಈ ಲೆಕ್ಕದಲ್ಲೇ ಇವೆ.

ಹೆಜ್ಜೆ 1: ಚಿಕ್ಕದನ್ನೇ ಆರಿಸಿಕೊಳ್ಳಿ

ಆರೋಗ್ಯ, ಸಂಸಾರ, ದೇವರ ದಯೆ ಎಂದು ಶುರು ಮಾಡುವವರು ಎರಡನೇ ವಾರಕ್ಕೆ ನಿಲ್ಲಿಸುತ್ತಾರೆ. ಅವು ದೊಡ್ಡವು, ನಿಜ. ಆದರೆ ಅಷ್ಟು ದೊಡ್ಡದರಲ್ಲಿ ಕಣ್ಣಿಗೆ ಬೀಳುವಂಥದ್ದು ಏನೂ ಇರುವುದಿಲ್ಲ, ಪ್ರತಿ ವಾರ ಅದೇ ಮೂರು ಮಾತು ಬರುತ್ತದೆ. ಒಂದು ಜಾಗ, ಒಂದು ಗಳಿಗೆ, ಒಬ್ಬರು ಮನುಷ್ಯರು ಇರುವಷ್ಟು ಸಣ್ಣದನ್ನು ಹಿಡಿಯಿರಿ.

ಎಲ್ಲಿ ಹುಡುಕುವುದು ಎಂದರೆ, ನಿನ್ನೆಯೂ ಇದ್ದು, ಇವತ್ತೂ ಇದ್ದು, ನಾಳೆ ಇಲ್ಲವಾದರೆ ಬೆಳಿಗ್ಗೆ ಒಂಬತ್ತರೊಳಗೆ ನಿಮಗೆ ಗೊತ್ತಾಗಿಬಿಡುವಂಥದ್ದರಲ್ಲಿ. ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿದರೆ ತುಂಬುವ 20 ಲೀಟರ್ ಕ್ಯಾನು. ಬಾಗಿಲಿಗೆ ಮೊಳ ಹೂವು ಅಳೆದು ಕೊಟ್ಟು, ಕೊನೆಗೊಂದು ಗೇಣು ಕೊಸರು ಬಿಡುವ ಹೂವಿನವರು. ಮಾರಿಕುಪ್ಪಂ ಕಡೆಯಿಂದ ಬರುವ ಬೆಳಗಿನ ರೈಲು ಬಂಗಾರಪೇಟೆಗೆ ತುಂಬಿಕೊಂಡೇ ಬಂದಾಗ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದಿಷ್ಟು ಜರುಗಿ ಜಾಗ ಮಾಡಿಕೊಡುವ ದಿನನಿತ್ಯದ ಸಹಪ್ರಯಾಣಿಕರು. ಹೊಲಕ್ಕೆ ಹೋಗುವವರಾದರೆ, ತ್ರೀ ಫೇಸ್ ಕರೆಂಟು ಹೇಳಿದ ಹೊತ್ತಿಗೆ ಬಂದದ್ದು.

ಋತುವಿನ ಸಂಗತಿಗಳು ಇನ್ನೂ ಸುಲಭ, ಏಕೆಂದರೆ ಅವು ವರ್ಷದಲ್ಲಿ ಬಹಳ ದಿನ ಇರುವುದೇ ಇಲ್ಲ. ಮನಸ್ಸಿಗೆ ಒಗ್ಗಿಕೊಳ್ಳಲು ಪುರಸೊತ್ತು ಸಿಗುವುದಿಲ್ಲ. ಡಿಸೆಂಬರ್ ಜನವರಿಯ ಸೊನೆ ಅವರೆಯನ್ನೇ ತೆಗೆದುಕೊಳ್ಳಿ. ಕಾಯಿ ಸುಲಿದು, ಕಾಳು ನೆನೆಸಿ, ಒಂದೊಂದನ್ನೇ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹಿದುಕಿ ಸಿಪ್ಪೆಯಿಂದ ಬೇಳೆ ಹಾರಿಸಬೇಕು. ಒಂದು ಮನೆಗೆ ಸಾಕಾಗುವಷ್ಟು ಹಿದಕಬೇಳೆ ಸಾರಾಗಬೇಕಾದರೆ ಯಾರೋ ಒಬ್ಬರು ಟಿವಿ ಮುಂದೆ ಕೂತು ಒಂದು ಸಂಜೆಯನ್ನೇ ಅದಕ್ಕೆ ಕೊಟ್ಟಿರುತ್ತಾರೆ. ಮುದ್ದೆ ಜೊತೆ ಅದನ್ನು ನುಂಗುವುದು ಹತ್ತು ನಿಮಿಷದ ಕೆಲಸ. ಆ ಸಂಜೆ ಮತ್ತು ಈ ಹತ್ತು ನಿಮಿಷದ ನಡುವೆ ಇರುವ ಅಂತರ ನಿಮಗೆ ಕಂಡಿತು ಅಂದರೆ ಮೊದಲ ಹೆಜ್ಜೆ ಮುಗಿಯಿತು.

ಹೆಜ್ಜೆ 2: ಬೆನ್ನು ಹತ್ತಿ ಹೋಗಿ

ಈ ಹೆಜ್ಜೆಗೆ ಹೆಚ್ಚು ಹೊತ್ತು ಕೊಡಿ. ನನ್ನ ಅಭಿಪ್ರಾಯದಲ್ಲಿ ಮಿಕ್ಕ ಎಲ್ಲವನ್ನೂ ಬಿಟ್ಟು ಇದೊಂದನ್ನೇ ಮಾಡಿದರೂ ನಡೆಯುತ್ತದೆ. ಆರಿಸಿಕೊಂಡ ವಸ್ತು ನಿಮ್ಮ ಕೈಗೆ ಬಂದ ದಾರಿಯನ್ನು ಹಿಂದಕ್ಕೆ ನಡೆಯಬೇಕು, ಎಷ್ಟು ಕೈ ದಾಟಿ ಬಂತು ಎಂದು ನೋಡುತ್ತ. ಗೊತ್ತಿಲ್ಲದ ಕಡೆ ಊಹೆ ಬೇಡ. ಕೇಳಿ. ಈ ಸೀಮೆಯ ಅನುಕೂಲವೇ ಅದು: ನಾವು ತಿನ್ನುವ, ಉಡುವ ಎಷ್ಟೋ ವಸ್ತುಗಳನ್ನು ಬೆಳೆದವರು ಒಂದು ಬಸ್ಸಿನ ದೂರದಲ್ಲೇ ಇದ್ದಾರೆ.

ಸಾರಿಗೆ ಹಾಕಿದ ಎರಡು ಟೊಮೆಟೊ ಸಾಕು, ಅಭ್ಯಾಸಕ್ಕೆ. ನರ್ಸರಿಯಲ್ಲಿ ಟ್ರೇಯಲ್ಲಿ ಎದ್ದ ಸಸಿ ಅದು. ಯಾರೋ ಬದು ಎಳೆದು, ಹನಿ ನೀರಾವರಿ ಪೈಪು ಹಾಸಿ, ಮೇಲೆ ಮಲ್ಚಿಂಗ್ ಶೀಟ್ ಹೊದಿಸಿ, ತೂತು ಮಾಡಿ ನೆಟ್ಟರು. ಗಿಡ ಏಳುತ್ತಿದ್ದಂತೆ ಕೋಲು ಹೂಳಿ, ಸಾಲಿನುದ್ದಕ್ಕೂ ದಾರ ಬಿಗಿದು, ಒಂದೊಂದೇ ಗಿಡವನ್ನು ಅದಕ್ಕೆ ಎತ್ತಿ ಕಟ್ಟಿದರು. ನಾಟಿ ಮಾಡಿ ಎರಡು, ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು. ಕೊಯ್ಯಲು ಬರುವವರು ಬಹುಪಾಲು ಹೆಂಗಸರು, ಪಕ್ಕದ ಊರಿಂದ ಆಟೋದಲ್ಲಿ ಒತ್ತಿಕೊಂಡು ಬಂದವರು. ಅಲ್ಲಿಂದ 15 ಕೆಜಿ ಬಾಕ್ಸಿಗೆ ತುಂಬಿ ಕೋಲಾರದ ಎಪಿಎಂಸಿಗೆ. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಅದೂ ಒಂದು. ಮಂಡಿಯಲ್ಲಿ ಹರಾಜು ಕೂಗುವವರು, ಬಾಕ್ಸು ಹೊರುವ ಹಮಾಲರು, ಲಾರಿಗೆ ಹಗ್ಗ ಬಿಗಿಯುವವರು, ಆಮೇಲೆ ನಿಮ್ಮ ಬೀದಿಗೆ ತಳ್ಳುವ ಗಾಡಿ ತರುವವರು.

ಇಷ್ಟೇ ಆಗಿದ್ದರೆ ಇದೊಂದು ಶಾಲೆಯ ಪಾಠ. ಬೆಲೆಯನ್ನೂ ಸೇರಿಸಿ ನೋಡಿ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸು 2000 ರೂಪಾಯಿ ದಾಟಿತು. ಆಗ ನಾವೆಲ್ಲ ಒಂದೊಂದು ಹಣ್ಣನ್ನೂ ಲೆಕ್ಕ ಹಾಕಿ ಹೆಚ್ಚಿದ್ದು ನೆನಪಿರಬೇಕು; ಹುಣಸೆಹಣ್ಣಿಗೆ ಮತ್ತೆ ಮರ್ಯಾದೆ ಬಂದ ತಿಂಗಳು ಅದು. ಬೇರೆ ವರ್ಷಗಳಲ್ಲಿ ಕೊಯ್ಲಿನ ಕೂಲಿಯೂ ಗಿಟ್ಟದೆ ಇದೇ ಹಣ್ಣನ್ನು ರೈತರು ರಸ್ತೆಬದಿಗೆ ಸುರಿದು ಹೋಗಿದ್ದಾರೆ. ಎರಡೂ ಸಲ ಗಿಡಕ್ಕೆ ಬಿದ್ದ ಶ್ರಮ ಒಂದೇ. ದುಬಾರಿಯಾದಾಗ ಮಾತ್ರ ನಾವು ಹಣ್ಣನ್ನು ಕಣ್ಣೆತ್ತಿ ನೋಡುತ್ತೇವೆ ಎಂಬುದು ನನಗಂತೂ ಅಷ್ಟು ಹಿತವಾದ ವಿಷಯವಲ್ಲ. ಅಗ್ಗವಾಗಿ ಸಿಕ್ಕಿದ ವಾರವೇ ಟೊಮೆಟೊವನ್ನು ಬರೆದಿಡಿ.

ಮದುವೆಗೆ ಉಟ್ಟ ರೇಷ್ಮೆಸೀರೆಗೂ ಹೀಗೇ ಒಂದು ಹಿಂದಾರಿ ಇದೆ, ಅದು ಬಹಳ ಸಲ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ಹಾದುಹೋಗುತ್ತದೆ. ಹುಳು ಮನೆಯಲ್ಲಿದ್ದಷ್ಟು ದಿನ ಆ ಮನೆಯವರಿಗೆ ನೆಂಟರ ಮನೆಗೆ ಹೋಗುವಂತಿಲ್ಲ. ಹೊತ್ತು ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಬೀಳಬೇಕು. ನಾಲ್ಕು ಸಲ ಹುಳು 'ಜ್ವರಕ್ಕೆ' ಕೂರುತ್ತದೆ, ಎಂದರೆ ಮೇವು ಬಿಟ್ಟು ಪೊರೆ ಕಳಚುತ್ತದೆ. ನಾಲ್ಕನೇ ಜ್ವರ ಎದ್ದ ಮೇಲಿನ ಹಸಿವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು, ರಾತ್ರಿ ಎದ್ದು ಕೂತರೆ ಮೇಯುವ ಸದ್ದು ಕೇಳಿಸುತ್ತದೆ. ಹಣ್ಣಾದ ಹುಳುವನ್ನು ಆಯ್ದು ಚಂದ್ರಿಕೆಗೆ, ಎಂದರೆ ಗೂಡು ಕಟ್ಟಿಸುವ ತಟ್ಟಿಗೆ, ಬಿಟ್ಟ ಮೇಲೆ ಗೂಡು. ಆಮೇಲೆ ಬಿಸಿನೀರಲ್ಲಿ ಕೈ ಅದ್ದಿ ನೂಲು ತೆಗೆಯುವ ಫಿಲೇಚರ್ ಕೆಲಸ. ಆ ಕೆಲಸ ಮಾಡುವವರ ಬೆರಳ ತುದಿ ಹೇಗಿರುತ್ತದೆ ಎಂದು ಒಮ್ಮೆ ನೋಡಿದವರು ಸೀರೆಯ ಅಂಚನ್ನು ಬರೀ ಬಣ್ಣಕ್ಕಾಗಿ ನೋಡುವುದಿಲ್ಲ.

ಹಾಲಿನ ಕಥೆ ನಿಮಗೇ ಗೊತ್ತು. ಬೆಳಗಿನ ಜಾವ ಡೈರಿ ಮುಂದೆ ಕ್ಯಾನು ಹಿಡಿದು ನಿಂತವರಲ್ಲಿ ನಿಮ್ಮ ಚಿಕ್ಕಮ್ಮನೋ ದೊಡ್ಡಮ್ಮನೋ ಇದ್ದೇ ಇರುತ್ತಾರೆ.

ಹೆಜ್ಜೆ 3: ತೆಗೆದು ನೋಡಿ

ಇರುವುದನ್ನು ಎಣಿಸುವುದಕ್ಕಿಂತ, ಅದು ಬಾರದೇ ಹೋಗಿದ್ದರೆ ಎಂದು ಯೋಚಿಸುವುದು ಮನಸ್ಸನ್ನು ಹೆಚ್ಚು ತಟ್ಟುತ್ತದೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಿಂಕ್ಯುಂಗ್ ಕೂ ಮತ್ತವರ ಸಂಗಡಿಗರು ಇದನ್ನು ಪರೀಕ್ಷಿಸಿ ನೋಡಿದರು. ಒಳ್ಳೆಯ ಘಟನೆಯೊಂದು ಹೇಗೆ ನಡೆಯಿತು ಎಂದು ಬರೆದವರಿಗಿಂತ, ಅದು ಹೇಗೆ ನಡೆಯದೇ ಹೋಗಬಹುದಿತ್ತು ಎಂದು ಬರೆದವರ ಮನಸ್ಸು ಹೆಚ್ಚು ಹಗುರವಾಗಿತ್ತು.

ಬರಿ ಯೋಚನೆ ಸಾಲದೆಂದರೆ ಒಂದು ಭಾನುವಾರ ನಿಜವಾಗಿಯೇ ತೆಗೆದು ನೋಡಿ. ನಲ್ಲಿ ಮುಟ್ಟದೆ, ಬೆಳಿಗ್ಗೆಯೇ ಒಂದು ಕೊಳದಪ್ಪಲೆಯಲ್ಲೋ ನಾಲ್ಕು ಬಿಂದಿಗೆಯಲ್ಲೋ ನೀರು ತುಂಬಿಟ್ಟು, ಸ್ನಾನ, ಅಡುಗೆ, ಪಾತ್ರೆ ಎಲ್ಲ ಅದರಲ್ಲೇ ಮುಗಿಸಿ. ಮಧ್ಯಾಹ್ನ ಮೂರರ ಹೊತ್ತಿಗೆ ಪಾತ್ರೆ ತೊಳೆದ ನೀರನ್ನು ಕರಿಬೇವಿನ ಗಿಡಕ್ಕೆ ಹಾಕುವ ಬುದ್ಧಿ ತಾನೇ ಬರುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಇದು ಮಾಡಬೇಕಾಗಿಯೂ ಇಲ್ಲ, "ಅಜ್ಜಿ, ನೀವು ನೀರು ಎಲ್ಲಿಂದ ತರ್ತಿದ್ರಿ?" ಎಂದು ಕೇಳಿದರೆ ಸಾಕು, ಸೇದುವ ಬಾವಿ, ಹಗ್ಗ, ಅಂಗೈ ಬೊಬ್ಬೆ, ಮೊದಲ ಕೈಪಂಪು ಎಲ್ಲ ಒಂದಾದ ಮೇಲೊಂದು ಬರುತ್ತವೆ.

ಕರೆಂಟಿನದೂ ಹೀಗೇ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ವಿದ್ಯುತ್ ಬಂತು, ಸುಮಾರು 147 ಕಿಲೋಮೀಟರ್ ತಂತಿ ಎಳೆದು. ಆ ಕಾಲಕ್ಕೆ ಅದೊಂದು ದೊಡ್ಡ ಸಾಹಸ. ಆದರೆ ಸುತ್ತಲ ಹಳ್ಳಿಗಳ ಮನೆಯೊಳಗೆ ಬಲ್ಬು ಉರಿಯಲು ಮತ್ತೆ ದಶಕಗಳೇ ಹಿಡಿದವು. ಗಣಿಯ ದೀಪ ದೂರದಿಂದ ಕಾಣುತ್ತಿತ್ತು, ಓದುವುದು ಮಾತ್ರ ಸೀಮೆಎಣ್ಣೆ ಬುಡ್ಡಿಯಲ್ಲಿ ಎಂದು ಹೇಳುವ ತಾತಂದಿರು ನಮ್ಮ ನಡುವೆ ಇನ್ನೂ ಇದ್ದಾರೆ. ಕೇಳುವವರು ಬೇಕು ಅಷ್ಟೆ.

ಹೆಜ್ಜೆ 4: ವಾರಕ್ಕೊಮ್ಮೆ ಬರೆಯಿರಿ, ದಿನವೂ ಬೇಡ

ಬರೆಯುವುದರಿಂದ ನಿಜಕ್ಕೂ ಏನಾದರೂ ಆಗುತ್ತದೆಯೇ? ಹೆಚ್ಚು ಮಂದಿ ಉದಾಹರಿಸುವ ಪರೀಕ್ಷೆ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲೊ 2003ರಲ್ಲಿ ಪ್ರಕಟಿಸಿದ್ದು. ಕಾಲೇಜು ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ ಹತ್ತು ವಾರ ಬರೆಸಿದರು. ಒಂದು ಗುಂಪು ಆ ವಾರ ನೆನೆಯಬೇಕೆನಿಸಿದ ಐದರವರೆಗೆ ಸಂಗತಿಗಳನ್ನು, ಇನ್ನೊಂದು ಕಿರಿಕಿರಿಗಳನ್ನು, ಮೂರನೆಯದು ಸುಮ್ಮನೆ ನಡೆದದ್ದನ್ನು ಬರೆಯಿತು. ಮೊದಲ ಗುಂಪಿನವರು ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನದಿಂದ ಮಾತಾಡಿದರು, ಮೈಕೈ ನೋವಿನಂಥ ದೂರು ಕಡಿಮೆ ಹೇಳಿದರು, ವ್ಯಾಯಾಮವನ್ನೂ ಸ್ವಲ್ಪ ಹೆಚ್ಚು ಮಾಡಿದರು. ಪವಾಡವೇನಲ್ಲ. ಆದರೆ ಒಂದು ಪೆನ್ನು, ಐದು ಸಾಲಿನ ಖರ್ಚಿಗೆ ಇಷ್ಟು ಆದರೂ ಲಾಭವೇ.

ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತವರ ಜೊತೆಗಾರರ ಇನ್ನೊಂದು ಪರೀಕ್ಷೆಯಲ್ಲಿ ಆರು ವಾರ ಬರೆಸಿದಾಗ, ವಾರಕ್ಕೊಮ್ಮೆ ಬರೆದವರಿಗೆ ಉಪಯೋಗವಾಯಿತು, ವಾರಕ್ಕೆ ಮೂರು ಸಲ ಬರೆದವರಿಗೆ ಆಗಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ದಿನಾ ಬರೆದರೆ ಅದೂ ಬಸ್ಕಿ ಹೊಡೆದ ಹಾಗಾಗುತ್ತದೆ. ಆದ್ದರಿಂದ ನಿಮ್ಮೂರಿನ ಸಂತೆ ದಿನವನ್ನು ಗೊತ್ತು ಮಾಡಿಕೊಳ್ಳಿ, ಆ ದಿನ ಹೇಗೂ ಚೀಟಿ ಪೆನ್ನು ಕೈಯಲ್ಲಿ ಇರುತ್ತದೆ.

ಹೊಸ ಡೈರಿ ಕೊಳ್ಳುವುದು ಬೇಡ. ಹಾಲಿನ ಲೆಕ್ಕ, ವಾಟರ್ ಕ್ಯಾನಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ದಿನ, ಚೀಟಿ ಕಟ್ಟಿದ ದಿನ ಎಲ್ಲ ಗುರುತು ಹಾಕುವ ಗೋಡೆ ಕ್ಯಾಲೆಂಡರ್ ಅಡುಗೆಮನೆ ಬಾಗಿಲ ಪಕ್ಕದಲ್ಲೇ ತೂಗುತ್ತಿರುತ್ತದಲ್ಲ, ಅದರ ಹಿಂಬದಿ ಖಾಲಿ. ಅಲ್ಲೇ ಬರೆಯಿರಿ. ಮನೆಮಂದಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಮುಂದೆ ಅವರೂ ಬರೆಯಬಹುದು.

ಹೇಗೆ ಬರೆಯುವುದು ಎಂಬುದಕ್ಕೆ ಎರಡು ಮಾದರಿ ನೋಡಿ. 'ನೆರೆಹೊರೆಯವರು ಒಳ್ಳೆಯವರು' ಎಂದು ಬರೆದರೆ ಮುಂದಿನ ತಿಂಗಳು ಓದಿದಾಗ ಏನೂ ನೆನಪಾಗದು. 'ಗುರುವಾರ ಮಳೆ ಶುರುವಾದಾಗ ನಾನು ಬಸ್ಸಲ್ಲಿದ್ದೆ. ಮೇಲುಗಡೆ ಮನೆಯ ಅಕ್ಕ ನಮ್ಮ ಮಾಳಿಗೆ ಮೇಲಿನ ಸಂಡಿಗೆ ಎತ್ತಿ ಒಳಗಿಟ್ಟಿದ್ದರು, ಬಟ್ಟೆಯನ್ನೂ ಮಡಿಸಿದ್ದರು' ಎಂದು ಬರೆದರೆ ಸಂಡಿಗೆಯ ವಾಸನೆ ಸಮೇತ ಬರುತ್ತದೆ. ಮಾರ್ಟಿನ್ ಸೆಲಿಗ್ಮನ್ ಮತ್ತವರ ತಂಡ 2005ರಲ್ಲಿ ಪ್ರಕಟಿಸಿದ ಅಭ್ಯಾಸದಲ್ಲಿ ಇನ್ನೊಂದು ಕಿವಿಮಾತಿದೆ: ಆದ ಒಳ್ಳೆಯದರ ಪಕ್ಕದಲ್ಲಿ ಅದು 'ಯಾಕೆ ಆಯಿತು' ಎಂದೂ ಬರೆಯಬೇಕು. ಒಂದು ವಾರ ರಾತ್ರಿ ಮೂರು ಮೂರು ಸಂಗತಿ ಹೀಗೆ ಬರೆದವರಲ್ಲಿ ಅದರ ಪರಿಣಾಮ ಆರು ತಿಂಗಳವರೆಗೂ ಕಂಡಿತು, ಅದರಲ್ಲೂ ತಾವಾಗಿಯೇ ಮುಂದುವರಿಸಿದವರಲ್ಲಿ. ಮೊದಲ ವಾರ ಹೀಗೆ ದಿನವೂ ಬರೆದು ಕೈ ಪಳಗಿಸಿಕೊಂಡು, ಆಮೇಲೆ ವಾರಕ್ಕೊಮ್ಮೆಗೆ ಇಳಿದರೆ ಎರಡೂ ಕಡೆಯ ಲಾಭ ಸಿಗುತ್ತದೆ.

ಅಕ್ಷರ ಬಾರದವರು ಊಟದ ಹೊತ್ತಲ್ಲಿ ಹೇಳಲಿ. ಬರೆಯುವುದಕ್ಕಿಂತ ಅದೇನೂ ಕಡಿಮೆಯಲ್ಲ.

ಹೆಜ್ಜೆ 5: ಬಾಯಿಬಿಟ್ಟು ಹೇಳಿ

ಇಲ್ಲಿ ಬಹಳ ಮಂದಿ ತಡವರಿಸುತ್ತಾರೆ. ಅಂಗಡಿಯವರಿಗೆ ಥ್ಯಾಂಕ್ಸ್ ಎನ್ನುವುದು ಸಲೀಸು, ಹೆತ್ತ ತಾಯಿಗೆ ಹಾಗೆಂದರೆ "ಏನಾಯ್ತು ನಿಂಗೆ, ಜ್ವರಾನಾ?" ಎಂದು ಹಣೆ ಮುಟ್ಟಿ ನೋಡುತ್ತಾರೆ. ಮನೆಯವರ ಹತ್ತಿರ ಉಪಚಾರದ ಮಾತು ಬೇಕಿಲ್ಲ. ಅವರು ಮಾಡಿದ ಕೆಲಸವನ್ನು ನೀವು ಕಂಡಿದ್ದೀರಿ ಎಂದು ತಿಳಿಯಬೇಕು, ಅಷ್ಟೇ. ಮಾಡಿದ ಕೆಲಸವನ್ನು ಹೆಸರು ಹಿಡಿದು ಹೇಳಿ, ಅದರಿಂದ ನಿಮಗೇನಾಯಿತು ಎಂದು ಹೇಳಿ, ಸುಮ್ಮನಾಗಿ.

"ಅತ್ತೆ, ರಾತ್ರೀನೇ ಅವರೆ ಹಿದುಕಿ ಇಟ್ಟಿದ್ರಿ, ಇಲ್ದಿದ್ರೆ ಇವತ್ತು ನಂಗೆ ಟ್ರೈನ್ ಸಿಗ್ತಿರಲಿಲ್ಲ."

"ಅಯ್ಯೋ ಬಿಡಮ್ಮ, ಸುಮ್ನೆ ಕೂತಿದ್ದೆ, ಮಾಡ್ದೆ."

ಇಲ್ಲಿಗೆ ಮುಗಿಯಿತು. "ಇಲ್ಲ ಅತ್ತೆ, ನಿಜವಾಗ್ಲೂ..." ಎಂದು ಎಳೆಯಬೇಡಿ. ದೊಡ್ಡವರು 'ಬಿಡು' ಎಂದರೆ ಸ್ವೀಕರಿಸಿದರು ಎಂದೇ ಅರ್ಥ. ಆ ಮಾತಿನ ಬಾಲಕ್ಕೆ "ನಾಳೆ ಸ್ವಲ್ಪ ಕಡ್ಲೆಕಾಯೂ ಸುಲಿದಿಡ್ತೀರಾ?" ಎಂದು ಗಂಟು ಹಾಕಲೇಬೇಡಿ. ಅಲ್ಲಿಗೆ ಹೊಗಳಿದ್ದೆಲ್ಲ ಬೆಣ್ಣೆ ಹಚ್ಚಿದ್ದಾಗಿಬಿಡುತ್ತದೆ. ಕೆಲಸ ಹೇಳುವುದಿದ್ದರೆ ಮಾರನೆಯ ದಿನ ಹೇಳಿ.

ಹೊರಗಿನವರ ಜೊತೆಗೂ ಇದೇ ರೀತಿ. ಓಡಿ ಬಂದವರಿಗಾಗಿ ಬಸ್ಸು ಒಂದು ಗಳಿಗೆ ತಡೆದ ಕಂಡಕ್ಟರಿಗೆ ಇಳಿಯುವಾಗ "ಅಣ್ಣಾ, ನೀವು ಸೀಟಿ ಹೊಡೆದು ನಿಲ್ಸಿದ್ರಿ, ಪರೀಕ್ಷೆಗೆ ಟೈಮಿಗೆ ಹೋದೆ" ಎಂದರೆ ಸಾಕು. ಬ್ಯಾಂಕಿನಲ್ಲಿ ಅಜ್ಜಿಯ ಪಿಂಚಣಿ ಚೀಟಿ ತುಂಬಿಕೊಟ್ಟ ಹುಡುಗಿಗೆ, ಅವಳ ಮೇಲಿನ ಅಧಿಕಾರಿ ಕೇಳಿಸಿಕೊಳ್ಳುವಂತೆ ಹೇಳುವುದು ಇನ್ನೂ ಒಳ್ಳೆಯದು. ಅದರಿಂದ ಅವಳ ಕೆಲಸಕ್ಕೂ ಅನುಕೂಲ.

ಹೇಳಿದರೆ ಅವರಿಗೆ ಮುಜುಗರವಾಗಬಹುದು ಎಂಬ ಅಳುಕು ಎಲ್ಲರಿಗೂ ಇದೆ, ಆದರೆ ಅದು ಹೆಚ್ಚಾಗಿ ನಮ್ಮದೇ ಕಲ್ಪನೆ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರಿಂದ ಕೃತಜ್ಞತೆಯ ಪತ್ರ ಬರೆಸಿ, ಓದಿದವರನ್ನೂ ವಿಚಾರಿಸಿದರು. ಓದುವವರಿಗೆ ಎಷ್ಟು ಇರಿಸುಮುರಿಸಾಗಬಹುದು ಎಂದು ಬರೆದವರು ಅಂದುಕೊಂಡಿದ್ದರೋ ಅಷ್ಟು ಆಗಿರಲಿಲ್ಲ. ಖುಷಿ ಮಾತ್ರ ಅವರ ಊಹೆಗಿಂತ ಹೆಚ್ಚೇ ಆಗಿತ್ತು. ಅಕ್ಷರ ಸೊಟ್ಟಗಿದೆಯೇ, ಪದ ಸರಿಯಾಯಿತೇ ಎಂದೆಲ್ಲ ಬರೆಯುವವರು ಒದ್ದಾಡುತ್ತಾರೆ. ಓದುವವರು ಆ ಕಡೆ ನೋಡುವುದೇ ಇಲ್ಲ.

ವರ್ಷಕ್ಕೊಮ್ಮೆ ದೊಡ್ಡದೊಂದನ್ನು ಮಾಡಬಹುದು. ನಿಮಗೆ ಹಿಂದೆಂದೋ ದಾರಿ ತೋರಿಸಿ, ನೀವು ಸರಿಯಾಗಿ ಒಂದು ಮಾತೂ ಹೇಳದೆ ಬಂದ ಯಾರಾದರೂ ಇರುತ್ತಾರೆ: ಏಳನೇ ಕ್ಲಾಸಿನ ಮೇಷ್ಟ್ರು, ಮೊದಲ ಸಲ ಅಂಗಡಿಯಲ್ಲಿ ಕೂರಿಸಿಕೊಂಡ ಮಾವ. ಒಂದು ಪುಟ ಬರೆದು ತೆಗೆದುಕೊಂಡು ಹೋಗಿ, ಅವರ ಎದುರೇ ಓದಿ. ಸೆಲಿಗ್ಮನ್ ತಂಡ ಪರೀಕ್ಷಿಸಿದ ಅಭ್ಯಾಸಗಳಲ್ಲಿ ತಕ್ಷಣಕ್ಕೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಇದೇ, ಆದರೆ ಆ ಸಂತೋಷ ಒಂದು ತಿಂಗಳ ಆಚೆಗೆ ಕರಗಿತ್ತು. ಹೋಗುವಾಗ ಬರಿಗೈಲಿ ಹೋಗಬಾರದು ಎಂದು ನಾನು ಹೇಳಬೇಕಾಗಿಲ್ಲ. ಶ್ರೀನಿವಾಸಪುರದ ಕಡೆಯವರಾದರೆ ಜೂನ್ ತಿಂಗಳನ್ನು ಆರಿಸಿಕೊಳ್ಳಿ, ಮಾವಿನಹಣ್ಣು ಇರುತ್ತದೆ.

ಹೆಜ್ಜೆ 6: ಕೈಲಾದದ್ದು ತೀರಿಸಿ

ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎನ್ನುತ್ತಾರೆ. ನೆನೆದರೆ ಮುಗಿಯಿತೇ? ಪೌರಕಾರ್ಮಿಕರಿಗೆ ಹಬ್ಬದ ದಿನ ಶಾಲು ಹೊದಿಸಿ ಫೋಟೊ ತೆಗೆಸಿಕೊಳ್ಳುವುದಕ್ಕಿಂತ ವರ್ಷವಿಡೀ ಹಸಿಕಸ ಒಣಕಸ ಬೇರೆ ಮಾಡಿ ಕೊಡುವುದು ಮೇಲು. ಒಡೆದ ಗಾಜನ್ನು ಪೇಪರಿನಲ್ಲಿ ಸುತ್ತಿ, ಮೇಲೆ 'ಗಾಜು' ಎಂದು ಬರೆದು ಕೈಗೇ ಕೊಡಿ. ಕಂಡಕ್ಟರಿಗೆ ಸರಿಯಾದ ಚಿಲ್ಲರೆ. ಮಂಡಿಯ ಹಮಾಲರಿಗೆ, ಗ್ಯಾಸ್ ಸಿಲಿಂಡರ್ ಮೇಲಿನ ಮಹಡಿಗೆ ಹೊತ್ತು ತಂದವರಿಗೆ ಮೊದಲು ಒಂದು ಲೋಟ ನೀರು, ಆಮೇಲೆ ಬಿಲ್ಲಿನ ಮಾತು. ಪಕ್ಕದ ಮನೆಯಿಂದ ಬಂದ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂಬ ಪದ್ಧತಿ ಇನ್ನೂ ಇದೆಯಲ್ಲ, ಅದನ್ನು ಬಿಡಬೇಡಿ. ನಾಲ್ಕು ನಿಂಬೆಹಣ್ಣು ಹಾಕಿದರೂ ಆಯಿತು.

ನಮ್ಮ ಹಬ್ಬಗಳಲ್ಲೂ ಇದು ಇದ್ದೇ ಇದೆ. ಸಂಕ್ರಾಂತಿಗೆ ದನದ ಮೈ ತೊಳೆದು ಕೊಂಬಿಗೆ ಬಣ್ಣ ಬಳಿದು ಕಿಚ್ಚು ಹಾಯಿಸುವುದು, ಆಯುಧಪೂಜೆಗೆ ಟ್ರ್ಯಾಕ್ಟರು, ಹೊಲಿಗೆ ಮಿಷನ್ನು, ಕುಡುಗೋಲಿಗೆ ಕುಂಕುಮ ಹಚ್ಚುವುದು, ಕೆರೆ ಕೋಡಿ ಬಿದ್ದರೆ ಬಾಗಿನ ಬಿಡುವುದು. 2021ರ ನವೆಂಬರಿನ ಮಳೆಗೆ ಎಷ್ಟೋ ವರ್ಷಗಳಿಂದ ತುಂಬದ ಕೆರೆಗಳೂ ಕೋಡಿ ಹರಿದಾಗ, ಊರಿಗೆ ಊರೇ ಕಟ್ಟೆಯ ಮೇಲೆ ನಿಂತಿತ್ತು. ಹಬ್ಬದಲ್ಲಿ ಕೊರತೆ ಇರುವುದು ಒಂದೇ, ಅದು ವರ್ಷಕ್ಕೊಂದು ದಿನ. ಬಾಗಿನ ಬಿಟ್ಟ ಕೆರೆಗೇ ಮರುವಾರ ಕಟ್ಟಡದ ಕಸ ಸುರಿಯದಿರುವುದೂ ಅದೇ ಪೂಜೆಯ ಭಾಗ ಎಂದುಕೊಳ್ಳಿ.

ಎಲ್ಲಿ ನಿಲ್ಲಿಸಬೇಕು

ಈ ಅಭ್ಯಾಸ ನಿಮಗಾಗಿ. ಇನ್ನೊಬ್ಬರಿಗೆ 'ಇದ್ದದ್ದನ್ನು ನೆನೆದು ಸುಮ್ಮನಿರು' ಎಂದು ಹೇಳಲು ಬಳಸಬೇಡಿ. ಬೆಲೆ ಬಿದ್ದು ಟೊಮೆಟೊ ಸುರಿದು ಬಂದವರ ಮುಂದೆ ಕೃತಜ್ಞತೆಯ ಪಾಠ ಹೇಳುವುದು ಕ್ರೌರ್ಯ. ಮನೆಯಲ್ಲಿ ಸಾವು, ಸಾಲ, ಕಾಯಿಲೆ ಇದ್ದವರಿಗೂ ಅಷ್ಟೇ. ವಾರಗಟ್ಟಲೆ ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎನ್ನುವವರಿಗೆ ಬೇಕಾದದ್ದು ನೋಟುಬುಕ್ಕಲ್ಲ, ವೈದ್ಯರು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ನೆನೆಯುವುದು ಬೇರೆ, ಬಾಯಿ ಮುಚ್ಚಿಕೊಂಡಿರುವುದು ಬೇರೆ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ತರುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಿತ್ತು. ಒಣಗಿದ ಕೆರೆಗಳು ತುಂಬಿದ್ದು, ಬತ್ತಿದ ಬೋರ್‌ವೆಲ್‌ಗಳಲ್ಲಿ ಮತ್ತೆ ನೀರು ಕಂಡದ್ದು ಸಂತೋಷವೇ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಆಗಬೇಕು ಎಂದು ಹೋರಾಟ ಮಾಡಿದವರೂ ಇದೇ ನೀರನ್ನು ನಂಬಿದ ಊರುಗಳವರೇ. ಒಂದೇ ಕೆರೆಯ ಮುಂದೆ ನಿಂತು ಎರಡೂ ಮಾತು ಆಡಬಹುದು. ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಬರುವ ಊರಿನವರು ಶುದ್ಧ ನೀರಿನ ಘಟಕವನ್ನು ನೆನೆದು, ಅದು ಕೆಟ್ಟು ನಿಂತರೆ ಪಂಚಾಯಿತಿಗೆ ಅರ್ಜಿಯನ್ನೂ ಹಾಕಬೇಕು.

ಇನ್ನೂ ಒಂದು. 'ನಮ್ಮ ಮನೆ ಉಪ್ಪು ತಿಂದಿದ್ದೀಯ' ಎಂಬ ಮಾತಿನಿಂದ ಜನರನ್ನು ತಲೆಮಾರುಗಟ್ಟಲೆ ಕಟ್ಟಿಹಾಕಿದ ಚರಿತ್ರೆ ನಮ್ಮದು. ಜೀತ ನಿಷೇಧದ ಕಾನೂನು ಬಂದದ್ದು 1976ರಲ್ಲಿ. ಸರಿಯಾದ ಕೂಲಿ, ವಾರದ ರಜೆ, ಮರ್ಯಾದೆಯ ಮಾತು ಇವೆಲ್ಲ ಬರಬೇಕಾದ ಬಾಕಿ, ಯಾರ ಉಪಕಾರವೂ ಅಲ್ಲ. ಸಂಬಳ ಕೊಟ್ಟ ಧಣಿಯನ್ನು ನೆನೆಯುವ ಪಟ್ಟಿಗೆ ಸೇರಿಸಬೇಕೆಂದೇನೂ ಇಲ್ಲ. ನೀವೇ ಸಂಬಳ ಕೊಡುವವರಾದರೆ, ಪಡೆಯುವವರು ಅದಕ್ಕಾಗಿ ಕೈಮುಗಿಯಬೇಕೆಂದು ಕಾಯಬೇಡಿ.

ಮಕ್ಕಳಿಗೆ ರೂಢಿ ಮಾಡಿಸುವುದು

"ಥ್ಯಾಂಕ್ಯೂ ಹೇಳು, ಹೇಳು" ಎಂದು ಬೆನ್ನಿಗೆ ತಿವಿದು ಕಲಿಸಿದ್ದು ಬಾಯಲ್ಲಷ್ಟೇ ನಿಲ್ಲುತ್ತದೆ. ಸಂಜೆ ಬಂದಾಗ 'ಇವತ್ತು ಎಷ್ಟು ಮಾರ್ಕ್ಸ್' ಎನ್ನುವ ಮೊದಲು "ಇವತ್ತು ನಿಂಗೆ ಯಾರು ಏನು ಮಾಡಿಕೊಟ್ರು?" ಎಂದು ಕೇಳಿ. ಮೊದಮೊದಲು "ಯಾರೂ ಇಲ್ಲ" ಎನ್ನುತ್ತವೆ. ಸರ್ಕಾರಿ ಶಾಲೆಯ ಮಕ್ಕಳಾದರೆ ಬಿಸಿಯೂಟ ಯಾರು ಬಡಿಸಿದರು ಎಂದು ಎಳೆ ಹಿಡಿಸಿ. ಆ ಅಡುಗೆಯವರ ಹೆಸರು ಮಗುವಿಗೆ ಗೊತ್ತಿದೆಯೇ? 2013ರಿಂದ ಕ್ಷೀರಭಾಗ್ಯದಲ್ಲಿ ಲೋಟಕ್ಕೆ ಬೀಳುತ್ತಿರುವ ಹಾಲು ಎಲ್ಲಿಂದ ಬರುತ್ತದೆ, ಪುಡಿಯಾಗುವ ಮೊದಲು ಅದು ಯಾವ ಊರಿನ ಡೈರಿಯಲ್ಲಿ ಇತ್ತು ಎಂದು ಕೇಳಿದರೆ, ಹಸು ಸಾಕಿದ ಮನೆಯ ಹುಡುಗರು ಎದೆಯುಬ್ಬಿಸಿ ಉತ್ತರ ಕೊಡುತ್ತಾರೆ. ಎರಡನೇ ಹೆಜ್ಜೆಯ ಆಟವನ್ನು ಅವರ ಜೊತೆ ರಜೆಯಲ್ಲಿ ಆಡಿ. ಒಂದು ದಿನ ಕೋಲಾರದ ಟೊಮೆಟೊ ಮಂಡಿ, ಇನ್ನೊಂದು ದಿನ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ, ಹತ್ತಿರದ ಯಾವುದಾದರೂ ನರ್ಸರಿ. ಬೆಳಿಗ್ಗೆ ಬೇಗ ಹೊರಡಿ, ಮಂಡಿಯಲ್ಲಿ ಬಾಕ್ಸು ಹೊರುವವರ ದಾರಿಗೆ ಅಡ್ಡ ನಿಲ್ಲಬೇಡಿ, ಫೋಟೊ ತೆಗೆಯುವ ಮೊದಲು ಅವರನ್ನು ಕೇಳಿ. ವಾಪಸು ಬರುವಾಗ ಮಕ್ಕಳು ಬಂಗಾರಪೇಟೆ ಪಾನಿಪೂರಿ ಕೇಳುತ್ತಾರೆ, ಕೊಡಿಸಿ. ಆ ತಿಳಿನೀರಿಗೆ ಏನೇನು ಹಾಕುತ್ತಾರೆ ಎಂದು ಗಾಡಿಯವರನ್ನು ವಿಚಾರಿಸಲು ಅವರನ್ನೇ ಬಿಡಿ.